ನಡುವಿನ ದನಿ

ಗುಂಡಿ ಒತ್ತಿದ ಕೂಡಲೇ ಭಾವ ಇಲ್ಲವಾದರು. ಇನ್ನೊಮ್ಮೆ ಒತ್ತಿದ, ಬಂದರು. ಮತ್ತೆ ಒತ್ತಿದ, ಹೋದರು. ಪಿಟೀಲು ಇತ್ತು, ಸಭಾಂಗಣದ ಫ್ಯಾನುಗಳ ಗುಂಯ್‌ಗುಡುವಿಕೆ ಇತ್ತು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಲು ಹೋಗಿ ಅರ್ಧಕ್ಕೇ ನುಂಗಿಕೊಂಡದ್ದೂ ಇತ್ತು. ನಟ್ಟನಡುವೆ ಕೂತು ಹಾಡಿದ ಮನುಷ್ಯನ ಜಾಗದಲ್ಲಿ ಮಾತ್ರ, ಗೋಡೆಯಿಂದ ಪಟ ತೆಗೆದ ಮೇಲೆ ಉಳಿಯುವ ಚೌಕದಂತೆ ಒಂದು ಖಾಲಿ. ಉಸಿರು ಬಿಗಿಹಿಡಿದು ಕೇಳಿದರೆ ಅಲ್ಲೊಂದು ಇಲ್ಲೊಂದು ಸಕಾರ ಶಕಾರದ ಸಿಪ್ಪೆ ಉದುರುತ್ತಿತ್ತು, ಅಷ್ಟೆ. ಅವನು ಕುರ್ಚಿಗೆ ಒರಗಿದ. ಬೆಳಗಿನ ಕಾಫಿ ಮೇಜಿನ ಮೇಲೆ ಕೆನೆಗಟ್ಟಿತ್ತು. ಹೋದ ಗಂಡನ ದನಿ ಈ ಹಾಡಿನಲ್ಲಿ ಇಲ್ಲ ಎಂದು ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವಳು ಹೇಳಿದಾಗ ಅವನು, ಎಲ್ಲರಂತೆಯೇ, ಅವಳ ಬೆನ್ನು ಸವರಿದ್ದ.

ಎಡದ ಮೈಕು, ಬಲದ ಮೈಕು ಎರಡೂ ಹಿಡಿದಿಟ್ಟ ದನಿಯನ್ನು ಕೂಡಿಸಿ ಒಂದೇ ಆಗಿ ಕೇಳಿಸುವ ಗುಂಡಿ ಅದು. ಧ್ವನಿಮುದ್ರಣ ಕೋಣೆಯ ಅವನ ಮೇಜಿನ ಬಲಮೂಲೆಯಲ್ಲಿತ್ತು. ಮೇಲೆ ಬರೆದಿದ್ದ ‘ಮೊನೊ’ ಎಂಬ ಅಕ್ಷರಗಳು ಮಸುಕಾದದ್ದು ಬಳಸಿ ಸವೆದಲ್ಲ, ಬಳಸದೆ ಧೂಳು ಹಿಡಿದು. ಕೆಲಸ ಕಲಿಸಿದ ಮೇಷ್ಟ್ರು ಇದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು. ಅವರ ಕೋಣೆಯ ಕಪಾಟಿನ ಮೇಲೆ ಒಂದೇ ಸ್ಪೀಕರಿನ ಒಡಕಲು ರೇಡಿಯೊ ಪೆಟ್ಟಿಗೆ ಇರುತ್ತಿತ್ತು. ಎಂಥ ದೊಡ್ಡ ವಿದ್ವಾಂಸರ ಧ್ವನಿಮುದ್ರಣವಾದರೂ ಕೊನೆಗೆ ಅದರೊಳಗೆ ಹೊಕ್ಕು ಹೊರಬರಬೇಕು. “ಎರಡು ಮೈಕು ಅಂದ್ರೆ ಎರಡು ಸಂಸಾರ ಇದ್ದಂಗೆ ಕಣಯ್ಯ. ಒಂದೊಂದು ಮನೇಲೂ ಅವನು ಬಂಗಾರದಂಥ ಗಂಡ. ಎರಡು ಮನೆಯವರನ್ನೂ ಒಂದೇ ಜಮಖಾನದ ಮೇಲೆ ಕೂರಿಸು, ಆಗ ಗೊತ್ತಾಗುತ್ತೆ ಬಣ್ಣ,” ಎನ್ನುತ್ತಿದ್ದರು. ಹೇಳಿ ತಾವೇ ನಗುತ್ತಿದ್ದರು. ಎರಡು ಮೈಕುಗಳ ಮೂತಿಯನ್ನು ಒಂದೇ ಬಿಂದುವಿನಲ್ಲಿ ಜೋಡಿಸಿ ಕತ್ತರಿಯಂತೆ ಇಟ್ಟರೆ ಮೋಸವಿಲ್ಲ, ದನಿ ಎರಡಕ್ಕೂ ಒಟ್ಟಿಗೇ ತಲುಪುತ್ತದೆ, ಆದರೆ ಕೇಳುವವನಿಗೆ ಕಿಟಕಿ ಅರ್ಧ ತೆರೆದಂತೆ. ದೂರ ದೂರ ಇಟ್ಟರೆ ಇಡೀ ಸಭಾಂಗಣ ತೆರೆದುಕೊಳ್ಳುತ್ತದೆ, ಆದರೆ ಕೂಡಿಸಿದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ನೋಡಿಕೊಳ್ಳಬೇಕು. ಭಾವ ತಮ್ಮ ಜೀವಮಾನದಲ್ಲಿ ಒಮ್ಮೆ ಮಾತ್ರ ಮೈಕಿನ ಮುಂದೆ ಕೂರಲು ಒಪ್ಪಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದು ಮನೆಯಲ್ಲಿ ಮಾತ್ರ ಹಾಡುತ್ತಿದ್ದ ಮನುಷ್ಯ. ಅಂದು ಕಾಲೇಜಿನ ಸಭಾಂಗಣದಲ್ಲಿ ಅವನು ಮೈಕುಗಳನ್ನು ದೂರ ದೂರ ಇಟ್ಟಿದ್ದ. ಎರಡರಿಂದಲೂ ಸರಿಸಮ ದೂರದಲ್ಲಿ, ನಡುವೆ, ಭಾವ.

ಅಂದು ಒಂದು ಮೈಕಿಗೆ ಹಾಕಿದ್ದ ಕೇಬಲ್ಲು ಇನ್ನೂ ಹಿಂದಿನ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಅಂಗಡಿಯ ಕೇಬಲ್ಲು ನಂಬುವವನಲ್ಲ ಅವನು. ಎಲ್ಲವನ್ನೂ ತಾನೇ ಬೆಸುಗೆ ಹಾಕಿಕೊಳ್ಳುತ್ತಿದ್ದ, ಬಂದವರೆದುರು ಅದನ್ನು ಹೇಳಿಕೊಳ್ಳುತ್ತಲೂ ಇದ್ದ. ತುದಿ ಬಿಚ್ಚಿ ನೋಡಿದ. ಕೆಂಪು ಇರಬೇಕಾದಲ್ಲಿ ಬಿಳಿ, ಬಿಳಿ ಇರಬೇಕಾದಲ್ಲಿ ಕೆಂಪು. ಬೆಸುಗೆಯೇನೋ ಮುತ್ತಿನಂತಿತ್ತು. ಒಂದು ಮೈಕು ದನಿಯನ್ನು ಮುಂದಕ್ಕೆ ತಳ್ಳಿದಾಗಲೆಲ್ಲ ಇನ್ನೊಂದು ಅಷ್ಟೇ ಬಲದಿಂದ ಹಿಂದಕ್ಕೆ ಎಳೆದಿತ್ತು. ಎರಡು ಕಿವಿಯಿದ್ದವರಿಗೆ ಅದು ಬೇರೆ ಬೇರೆಯಾಗಿಯೇ ಮುಟ್ಟುತ್ತಿತ್ತು. ಕೂಡಿಸಿದರೆ ತಳ್ಳಿದ್ದೂ ಎಳೆದದ್ದೂ ವಜಾ. ಬದಿಗಿದ್ದ ಪಿಟೀಲು ಹೇಗೋ ಪಾರಾಗಿತ್ತು, ಮೂಲೆಯಲ್ಲಿದ್ದ ಕೆಮ್ಮು ಪಾರಾಗಿತ್ತು. ಎರಡಕ್ಕೂ ಸಮವಾಗಿದ್ದದ್ದು ಭಾವ ಒಬ್ಬರೇ, ಅವರೇ ಪೂರ್ತಿ ಹೋದರು. ಅವತ್ತು ಏನೂ ಗೊತ್ತಾಗಲಿಲ್ಲವೆ? ಈಗ ಹೀಗೆ ಕೇಳಿಕೊಂಡಾಗ ಸುಳ್ಳು ಹೇಳಿಕೊಳ್ಳುವುದು ಕಷ್ಟವಾಯಿತು. ಹೆಡ್‌ಫೋನು ಹಾಕಿದಾಗ ಕಿವಿಗೆ ಮೆಳ್ಳೆಗಣ್ಣು ಬಂದಂತಾಗಿತ್ತು. ದನಿ ಎದುರಿಗಿಲ್ಲ, ಹಿಂದಿಲ್ಲ, ತಲೆಯ ಸುತ್ತ ತೇಲುತ್ತಿದೆ. ಏನೋ ಸರಿಯಿಲ್ಲ ಅನಿಸಿತ್ತು, ಮರುಕ್ಷಣವೇ ಎಷ್ಟು ಚೆನ್ನಾಗಿದೆ ಅನಿಸಿತ್ತು. ಎರಡನೆಯದನ್ನು ನಂಬಿದ. ಆಮೇಲೆ ಒಂದು ಮಾಸಪತ್ರಿಕೆ ಬರೆಯಿತು: ದನಿ ಎಲ್ಲಿಂದಲೂ ಬರುವುದಿಲ್ಲ, ಆದರೂ ಎಲ್ಲೆಲ್ಲಿಯೂ ಇದೆ. ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದ. ತರಬೇತಿಗೆ ಬಂದವರಿಗೆ ಆ ಹಾಡನ್ನೇ ಕೇಳಿಸುತ್ತಿದ್ದ. ಯಾರಾದರೂ ಗಂಟಲು ಸರಿಮಾಡಿಕೊಂಡು, ಸಾರ್, ನಡುವೆ ಏನೋ ಟೊಳ್ಳು ಇದ್ದಂಗಿದೆ ಎಂದರೆ, ಕೇಳೋಕೆ ಕಿವಿ ಬೇಕಪ್ಪ, ಎನ್ನುತ್ತಿದ್ದ.

ಅಕ್ಕನಿಗೆ ಇರುವುದು ಒಂದೇ ಕಿವಿ. ಚಿಕ್ಕಂದಿನಲ್ಲಿ ಕೆಪ್ಪಟೆರಾಯ ಬಂದು, ಕೆನ್ನೆ ಊದಿ, ಎಡಗಿವಿ ಹೋಯಿತು. ಅವಳ ಜೊತೆ ನಡೆಯುವಾಗ ಬಲಕ್ಕೆ ಇರಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಮಾತು ಬರುವ ಹೊತ್ತಿಗೆ ಅದೂ ಬಂದಿತ್ತು. ಅವಳು ಫೋನು ಕೊಂಡಾಗ ಅದರೊಳಗೆ ಹೋಗಿ, ಎರಡೂ ಬದಿಯ ದನಿ ಕೂಡಿ ಒಂದೇ ಕಿವಿಗೆ ಬರುವಂತೆ ಮಾಡಿಕೊಟ್ಟವನೂ ಅವನೇ. ಬಲಗಿವಿಗೆಂದು ಒಂಟಿ ಇಯರ್‌ಫೋನು ತಂದುಕೊಟ್ಟವನೂ ಅವನೇ. ಭಾವ ಇರುವವರೆಗೆ ಅವಳು ಆ ಮುದ್ರಣವನ್ನು ಕೇಳಿರಲೇ ಇಲ್ಲ. ಜೀವಂತ ಮನುಷ್ಯ ಬಚ್ಚಲಮನೆಯಲ್ಲಿ ಬೊಬ್ಬೆ ಹಾಕ್ತಿರುವಾಗ ಅದು ಬೇರೆ ಯಾಕೆ ಎನ್ನುತ್ತಿದ್ದಳು. ಅವರು ಹೋದ ಮೇಲೆ ಕೇಳಿದಳು. ಕೇಳಿ, ಅವರ ದನಿ ಇಲ್ಲ ಎಂದಳು. ಮಗಳು ತನ್ನ ಹೆಡ್‌ಫೋನಿನಲ್ಲಿ ಅದೇ ಹಾಡು ಹಾಕಿ ಕೇಳಿ, ಇದೆಯಲ್ಲಮ್ಮ ಎಂದಳು. ಅಳಿಯ ಕಾರಿನಲ್ಲಿ ಹಾಕಿಕೊಂಡು ಕೇಳಿ, ಇದೆಯಲ್ಲ ಅತ್ತೆ ಎಂದ. ಅಕ್ಕ ಎಂದಿನಂತೆ, ಮನೆಯಲ್ಲಿ ಹೇಳಿದ್ದನ್ನೇ ತಾನು ಪಾಠ ಮಾಡುವ ಶಾಲೆಯಲ್ಲೂ ಹೇಳಿದಳು. ಮಕ್ಕಳಿಗೆ ಲೆಕ್ಕ ಕಲಿಸುವವಳು, ಸತ್ತ ಗಂಡ ಹಾಡ್ತಿಲ್ಲ ಅಂತಿದ್ದಾಳೆ ಎಂದು ಸ್ಟಾಫ್ ರೂಮಿನಲ್ಲಿ ಪಿಸುಗುಟ್ಟಿದರು. ಹೆಡ್ ಮೇಡಂ ಕರೆದು, ಡಾಕ್ಟರ ಕೈಲಿ ಒಂದು ಮಾತು ಬರೆಸ್ಕೊಂಡು ಬನ್ನಿ, ಆಮೇಲೆ ಕ್ಲಾಸಿಗೆ ಹೋಗಿ ಎಂದರು. ಡಾಕ್ಟರ ಹತ್ತಿರ ಹೋಗುವುದು ಇವತ್ತು. ನಿನ್ನೆ ಅಕ್ಕನ ಮಗಳು ಫೋನು ಮಾಡಿ, “ಮಾಮ, ನೀನು ಇದ್ರೆ ಅಮ್ಮ ಸುಮ್ನೆ ಬರ್ತಾಳೆ,” ಎಂದದ್ದಕ್ಕೇ ಅವನಿಗೆ ಈ ಬೆಳಿಗ್ಗೆ ಆ ಹಾಡನ್ನು ಮತ್ತೆ ಕೇಳಬೇಕೆನಿಸಿದ್ದು. ಕೇಳುತ್ತ ಕೂತವನ ಬೆರಳು ಆ ಮೂಲೆಗೆ ಏಕೆ ಹೋಯಿತೋ.

ಸರಿಪಡಿಸುವುದು ಕಷ್ಟವಲ್ಲ. ಅದೇ ಅಸಹ್ಯ. ಒಂದು ಬದಿಯನ್ನು ಕಂಪ್ಯೂಟರಿನಲ್ಲಿ ತಲೆಕೆಳಗು ಮಾಡಿದರೆ ಸಾಕು, ಎಳೆದದ್ದು ತಳ್ಳಿದ್ದಾಗುತ್ತದೆ. ಮಾಡಿದ. ಗುಂಡಿ ಒತ್ತಿದ. ಭಾವ ನಡುವೆ ಬಂದು ಕೂತು, ಯಾರ ಹಂಗೂ ಇಲ್ಲದೆ ಹಾಡಿದರು. ಈಗ ದನಿಗೆ ಒಂದು ಜಾಗವಿತ್ತು. ಎಲ್ಲೆಲ್ಲಿಯೂ ಇರಲಿಲ್ಲ. ಒಬ್ಬ ಮನುಷ್ಯ, ಬಾಯಿ, ಹಲ್ಲು, ಎದೆ. ಅವನು ಕಡತವನ್ನು ಅಕ್ಕನ ಫೋನಿಗೆ ಕಳಿಸಿ ಕೆಳಗೆ ಬರೆದ: ಅಕ್ಕ, ಸ್ವಲ್ಪ ಕ್ಲೀನ್ ಮಾಡಿದ್ದೀನಿ, ಇದನ್ನ ಕೇಳು. ಬರೆದು, ‘ಸ್ವಲ್ಪ’ ಎಂಬ ಪದವನ್ನು ನೋಡುತ್ತ ಕೂತ.

ಬಾಗಿಲು ಬಡಿದುಕೊಂಡು ‘ಗಂಟಲು’ ಬಂದ. ನೀರಿನ ಟ್ಯಾಂಕು, ಹಲ್ಲುಪುಡಿ, ಚುನಾವಣೆ, ಎಲ್ಲದರ ಜಾಹೀರಾತಿಗೂ ದನಿ ಕೊಡುವವನಾದ್ದರಿಂದ ಅವನಿಗೆ ಆ ಹೆಸರು.

“ಏನ್ ಸಾರ್, ಇಂಗು ತಿಂದ ಮಂಗನ ಹಾಗೆ ಕೂತಿದ್ದೀರಿ?”

“ಏನಿಲ್ಲ. ಒಳಗೆ ಹೋಗು. ಇವತ್ತೇನು?”

“ಪೈಪು. ಮೂರು ತಲೆಮಾರಿಗೂ ಸೋರದ ಪೈಪು. ನಮ್ಮನೇದು ಮೂರು ತಿಂಗಳಿಗೇ ಸೋರ್ತು, ಅದಿರಲಿ.”

ಒಂದು ಮೈಕು, ಒಂದು ಬಾಯಿ. ಕೂಡಿಸಲು ಏನೂ ಇಲ್ಲ, ಕಳೆಯಲು ಏನೂ ಇಲ್ಲ. ಗಂಟಲು ಗಾಜಿನಾಚೆ ಕೈಯಾಡಿಸುತ್ತ ಪೈಪಿನ ಬಗ್ಗೆ ಕಣ್ಣೀರು ಬರುವಂತೆ ಮಾತಾಡಿದ. ಅವನು ತಲೆಯಾಡಿಸಿದ. ಮುಗಿದ ಮೇಲೆ ಗಂಟಲು ಈಚೆ ಬಂದು, “ಹೇಗಿತ್ತು?” ಎಂದ. “ಚೆನ್ನಾಗಿತ್ತು,” ಎಂದ ಅವನು. “ಕೇಳಿಸ್ಕೊಂಡ್ರಾ?” “ಇಲ್ಲ.” ಗಂಟಲು ಬಿದ್ದು ಬಿದ್ದು ನಕ್ಕ. ಹೋಗುವಾಗ ಕಟ್ಟು ಹಾಕಿಸಿದ ಪತ್ರಿಕೆಯ ಸಾಲನ್ನು, ಎಂದಿನಂತೆ, ಪೈಪಿನ ದನಿಯಲ್ಲೇ ಓದಿಕೊಂಡು ಹೋದ. ಇವತ್ತು ಅದಕ್ಕೆ ನಗು ಬರಲಿಲ್ಲ.

ಕ್ಲಿನಿಕ್ಕಿನ ದಾರಿಯುದ್ದಕ್ಕೂ ಅವನು ಒಂದು ಲೆಕ್ಕ ಹಾಕುತ್ತಿದ್ದ, ಅದು ಪ್ರತಿಸಲವೂ ಸರಿಹೋಗುತ್ತಿತ್ತು. ಅಕ್ಕ ಹೊಸ ಕಡತ ಕೇಳುತ್ತಾಳೆ. ದನಿ ಇರುತ್ತದೆ. ಡಾಕ್ಟರಿಗೆ ಇದೆ ಎನ್ನುತ್ತಾಳೆ. ಅವರು ಬರೆದುಕೊಡುತ್ತಾರೆ. ಅವಳು ಶಾಲೆಗೆ ಹೋಗುತ್ತಾಳೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಎಲ್ಲಿಯೂ ತಪ್ಪಿಲ್ಲ, ಆದರೂ ಯಾರೋ ಹಿಂದಿನಿಂದ ಅಂಗಿಯ ಚುಂಗು ಹಿಡಿದು ಎಳೆದಂತೆ. ಒಮ್ಮೆ ಶಾಲೆಯಲ್ಲಿ ಅವನು ಮಸಿಕುಡಿಕೆ ಒಡೆದು ಸುಮ್ಮನೆ ನಿಂತಿದ್ದಾಗ ಬೇರೆ ಹುಡುಗಿಗೆ ಏಟು ಬಿದ್ದಿತ್ತು. ಅಂದು ಕೈಯಲ್ಲಿ ಮಸಿಯಾದರೂ ಇತ್ತು.

ಮನೋವೈದ್ಯರ ಕ್ಲಿನಿಕ್ಕಿನ ಹೊರಗೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಬೆನ್ನು ಮಾಡಿ ಹಾಕಿದ್ದರು, ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಎಲ್ಲರೂ ನೆಲ ನೋಡುತ್ತಿದ್ದರು. ಅಕ್ಕ ಒಬ್ಬಳು ಮಾತ್ರ ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ಪಕ್ಕದಲ್ಲಿ ಮಗಳು ಸೀರೆಯ ಅಂಚು ಸುರುಳಿ ಸುತ್ತುತ್ತಿದ್ದಳು.

“ಏನೋ ಗುಬ್ಬಿ, ನೀನೂ ಬಂದ್ಯಾ ನನ್ನ ಹುಚ್ಚು ನೋಡೋಕೆ? ಟಿಕೀಟು ತಗೊಂಡ್ಯಾ?”

ಅವನ ಮೈ ಈಗ ಗುಬ್ಬಿಯದ್ದಾಗಿರಲಿಲ್ಲ. ಅವಳ ಬಲಕ್ಕೆ ಕೂತ, ಬೆಂಚು ಕಿರುಗುಟ್ಟಿತು.

“ಅಮ್ಮ, ಮೆಲ್ಲಗೆ,” ಎಂದಳು ಮಗಳು.

“ಯಾಕೆ? ಇಲ್ಲಿ ಬಂದಿರೋರೆಲ್ಲ ಅದಕ್ಕೇ ತಾನೆ ಬಂದಿರೋದು? ಇಲ್ಲದ್ದು ಕೇಳಿಸುತ್ತೆ ಅಂದ್ರೆ ಹುಚ್ಚು ಅಂತಾರೆ, ಸರಿ. ನಾನು ಕೇಳಿಸಲ್ಲ ಅಂದ್ರೂ ಹುಚ್ಚು ಅಂತೀರಲ್ರೇ, ಮನುಷ್ಯರು ಏನು ಮಾಡ್ಬೇಕು?”

ಎದುರಿಗಿದ್ದ ಮುದುಕರೊಬ್ಬರು ನೆಲ ನೋಡುತ್ತಲೇ ನಕ್ಕರು. ಅವನು ಅಕ್ಕನ ಕಡೆ ಬಾಗಿದ. “ನಾನು ಕಳಿಸಿದ್ದು ಕೇಳಿದ್ಯಾ ಅಕ್ಕ?”

“ಎಲ್ಲಿ, ಬೆಳಿಗ್ಗೆಯಿಂದ ಇದೇ ಆಗಿದೆ. ಏಳನೇ ಕ್ಲಾಸಿಗೆ ಭಾಗಾಕಾರ ಬರಲ್ಲ ಅಂದ್ರೆ ಯಾರಿಗೆ ಹುಚ್ಚು ಹಿಡಿಯಲ್ಲ ಹೇಳು.”

“ಈಗ ಕೇಳು.”

ಅವಳು ಅವನ ಮುಖ ನೋಡಿದಳು. ಚೀಲದಿಂದ ಒಂಟಿ ಇಯರ್‌ಫೋನು ತೆಗೆದು ಬಲಗಿವಿಗೆ ಇಟ್ಟು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು, ಹಾಗೇ ತಿದ್ದುವುದನ್ನೂ ಮುಂದುವರಿಸಿದಳು. ಇಲ್ಲದ್ದನ್ನು ಕೇಳಿ ಕೇಳಿ ಅಭ್ಯಾಸವಾದವಳಂತೆ. ಒಂದು ತಪ್ಪಿಗೆ ಗೀಟು ಹಾಕುತ್ತಿದ್ದ ಪೆನ್ನು ಅರ್ಧಕ್ಕೆ ನಿಂತಿತು. ನಿಂತಲ್ಲೇ ಮಸಿ ಊರಿ ಕೆಂಪಗೆ ಹರಡಿತು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ, ಮುಖ ಮಾತ್ರ ಇದ್ದಕ್ಕಿದ್ದಂತೆ ತುಂಬ ಚಿಕ್ಕದಾಯಿತು.

“ಇದ್ದಾರೆ,” ಎಂದಳು.

“ಅಮ್ಮ!” ಮಗಳು ಅವಳ ತೋಳು ಹಿಡಿದುಕೊಂಡಳು. “ನಾನು ಹೇಳ್ಲಿಲ್ವಾ? ಯಾವಾಗ್ಲೂ ಇತ್ತಮ್ಮ. ಅಪ್ಪ ಎಲ್ಲಿಗೂ ಹೋಗಿರ್ಲಿಲ್ಲ.”

“ಗುಬ್ಬಿ ಏನೋ ಕ್ಲೀನ್ ಮಾಡಿದ್ನಂತೆ.”

“ಅದೇ ಹಾಡು ತಾನೆ ಮಾಮ?”

ಈಗ ಹೇಳಬಹುದಿತ್ತು. ಮಾತು ನಾಲಗೆಯ ತುದಿಯವರೆಗೆ ಬಂದೂ ಇತ್ತು. “ಅದೇ,” ಎಂದ. “ಸ್ವಲ್ಪ ಧೂಳು ಒರೆಸಿದೆ ಅಷ್ಟೆ.”

ಒಳಗೆ ಕರೆದರು. ಡಾಕ್ಟರು ಅವನಿಗಿಂತ ಚಿಕ್ಕವರು, ಮೃದು ಮಾತಿನವರು. ಎದುರಿದ್ದವರ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕಾಯುವ ಅಭ್ಯಾಸವಿತ್ತು, ಆ ಕಾಯುವಿಕೆಯಲ್ಲಿ ಯಾರಾದರೂ ಇನ್ನಷ್ಟು ಹೇಳಿಬಿಡುತ್ತಿದ್ದರು. ಅಕ್ಕ ಎಲ್ಲ ಪ್ರಶ್ನೆಗೂ ತರಗತಿಯಲ್ಲಿ ಎದ್ದು ನಿಂತ ಜಾಣ ಹುಡುಗಿಯಂತೆ ಉತ್ತರಿಸಿದಳು. ನಿದ್ದೆ, ಊಟ, ಕೆಲಸ. ದನಿಯ ವಿಷಯ ಬಂದಾಗ ಅವಳ ಮುಖ ಅರಳಿತು.

“ಬಂತು ಡಾಕ್ಟ್ರೆ. ಈಗ, ಹೊರಗೆ ಕೂತಾಗ.”

“ಈಗ? ಇಲ್ಲಿಗೆ ಬಂದ ಮೇಲೆ?”

“ಹೂಂ. ಪೂರ್ತಿ ಇದೆ.”

ಡಾಕ್ಟರು ತಲೆಯಾಡಿಸಿ ಏನೋ ಗೀಚಿಕೊಂಡರು. ಕಾದರು. “ಹಾಗಾಗುತ್ತೆ,” ಎಂದರು. “ಮನಸ್ಸಿಗೆ ತಡೆಯೋಕಾಗದೇ ಇದ್ದದ್ದನ್ನ ಕಿವಿ ಒಳಗೆ ಬಿಡಲ್ಲ. ಧೈರ್ಯ ಬಂದಾಗ ಬಿಡುತ್ತೆ. ಇವತ್ತು ಬಂದಿದೆ, ನಾಳೆ ಮತ್ತೆ ಹೋಗಬಹುದು. ಹೋಗಿ ಬಂದು ಮಾಡ್ತಿದೆ ಅನ್ನೋದೇ ಇದು ಕಿವಿಯದ್ದಲ್ಲ ಅನ್ನೋದಕ್ಕೆ ಗುರುತು.” ಸದ್ಯಕ್ಕೆ ಶಾಲೆ ಬೇಡ ಎಂದರು. ಮಗಳ ಮನೆಯಲ್ಲಿರಲಿ, ಒಬ್ಬರೇ ಇರೋದು ಬೇಡ. ಒಂದು ಮಾತ್ರೆ, ಮಲಗುವಾಗ. ಮಗಳು, “ಅದೇ ಡಾಕ್ಟ್ರೆ, ನಾನೂ ಅದೇ ಹೇಳ್ತಿದ್ದೆ,” ಎಂದು ಕಣ್ಣೊರೆಸಿಕೊಂಡಳು. ಅವನ ಲೆಕ್ಕದಲ್ಲಿ ಇದು ಇರಲಿಲ್ಲ. ಅವನು ಕದ್ದು ಸರಿಪಡಿಸಿದ್ದೇ ಅವಳ ವಿರುದ್ಧ ಸಾಕ್ಷಿಯಾಗಿತ್ತು. ಈಗ ಅಕ್ಕ ಸಿಡಿಯುತ್ತಾಳೆ, ಏನಾದರೂ ಕೊಂಕು ಅನ್ನುತ್ತಾಳೆ ಎಂದು ಕಾದ. ಅವಳು ತೊಡೆಯ ಮೇಲಿನ ಕಾಗದಗಳ ಅಂಚು ಸರಿಮಾಡುತ್ತ, “ಸರಿ ಡಾಕ್ಟ್ರೆ,” ಎಂದಳು. “ನನಗೇ ಏನೋ ಆಗಿತ್ತು ಅಂತ ಕಾಣುತ್ತೆ.”

ಹುಟ್ಟಿದಾಗಿನಿಂದ ಅವಳು ಯಾರಿಗೂ ಹೀಗೆ ‘ಸರಿ’ ಅಂದವಳಲ್ಲ.

“ವೈರು,” ಎಂದ ಅವನು. ಮೂವರೂ ತಿರುಗಿದರು. “ವೈರು ಅದಲುಬದಲಾಗಿತ್ತು. ನಾನೇ ಹಾಕಿದ ಬೆಸುಗೆ. ಅಕ್ಕನಿಗೆ ಏನೂ ಆಗಿಲ್ಲ. ಆ ದನಿ ಇರಲೇ ಇಲ್ಲ. ಅಂದ್ರೆ, ಇತ್ತು, ಎರಡು ಕಿವಿಗೆ ಇತ್ತು. ಕೂಡಿಸಿದ್ರೆ...” ಎರಡು ಅಂಗೈ ಎತ್ತಿ, ಒಂದನ್ನು ಮುಂದಕ್ಕೆ ತಳ್ಳಿ ಇನ್ನೊಂದನ್ನು ಹಿಂದಕ್ಕೆಳೆದು ತೋರಿಸಿದ. ಗಾಳಿಯಲ್ಲಿ ಕೈಯಾಡಿಸುತ್ತಿರುವ ತಾನು ಈ ಕೋಣೆಯಲ್ಲಿ ಹೇಗೆ ಕಾಣುತ್ತಿರಬಹುದೆಂದು ಥಟ್ಟನೆ ಹೊಳೆದು ಕೈ ಇಳಿಸಿದ.

ಡಾಕ್ಟರು ಅವನನ್ನು ಕರುಣೆಯಿಂದ ನೋಡಿದರು. “ಅಕ್ಕನ ಮೇಲೆ ನಿಮಗಿರೋ ಪ್ರೀತಿ ಅರ್ಥ ಆಗುತ್ತೆ.”

“ಪ್ರೀತಿ ಅಲ್ಲ ಸಾರ್, ಬೆಸುಗೆ.”

“ಮಾಮ, ದಯವಿಟ್ಟು,” ಎಂದಳು ಮಗಳು. “ನಾನೇ ಎಷ್ಟು ಸಲ ಕೇಳಿದ್ದೀನಿ. ಅಪ್ಪ ಇದ್ದಾರೆ.”

“ನಿನ್ನ ಹೆಡ್‌ಫೋನಲ್ಲಿ ಕೇಳಿದ್ದೀಯ. ಅಮ್ಮನದ್ದರಲ್ಲಿ ಒಂದು ಸಲ ಕೇಳಿದ್ಯಾ?”

ಯಾರೂ ಕೇಳಿರಲಿಲ್ಲ. ಇಷ್ಟು ದಿನ ಇಷ್ಟು ಜನ ಅಕ್ಕನ ಕಣ್ಣು ನೋಡಿದ್ದರು, ನಾಡಿ ನೋಡಿದ್ದರು, ಬೆನ್ನು ಸವರಿದ್ದರು. ಅವಳ ಕಿವಿಯಿಂದ ಆ ಗುಂಡನೆಯ ಪುಟ್ಟ ವಸ್ತುವನ್ನು ತೆಗೆದು ತಮ್ಮ ಕಿವಿಗೆ ಇಟ್ಟುಕೊಳ್ಳುವುದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ, ಬೇರೆಯವರ ಕಿವಿಗಿಟ್ಟದ್ದು ಎಂದು ಹಿಂಜರಿದಿರಬೇಕು. ಅವನೂ ಅಷ್ಟೆ. ಅಕ್ಕ ಮಾತಿಲ್ಲದೆ ಇಯರ್‌ಫೋನನ್ನು ಸೆರಗಿನಲ್ಲಿ ಒರೆಸಿ ಮಗಳ ಕೈಗಿಟ್ಟಳು. ಅವನು ಅಕ್ಕನ ಫೋನಿನಲ್ಲಿ ಹಳೆಯ ಕಡತವನ್ನು ಹುಡುಕಿ ಹಾಕಿದ.

ಮಗಳು ಕೇಳಿದಳು. ಹುಬ್ಬು ಗಂಟಿಕ್ಕಿತು. ಇಯರ್‌ಫೋನನ್ನು ಬೆರಳಿನಿಂದ ಇನ್ನಷ್ಟು ಒಳಗೊತ್ತಿಕೊಂಡಳು.

“ಪಿಟೀಲಿದೆ,” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಜನ ಇದ್ದಾರೆ.” ಆಮೇಲೆ ಅಮ್ಮನ ಕಡೆ ತಿರುಗಿದಳು. “ಅಪ್ಪ?”

ಡಾಕ್ಟರೂ ಕೈಚಾಚಿ ತೆಗೆದುಕೊಂಡು ಕೇಳಿದರು. ತುಂಬ ಹೊತ್ತು ಕೇಳಿದರು, ಮುಗಿದ ಮೇಲೂ ಅಭ್ಯಾಸದಂತೆ ಕಾದರು. ಆಮೇಲೆ ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕಿ, ಅಕ್ಕನ ಕಡೆ ನೋಡದೆ ಕೇಳಿದರು: “ಶಾಲೆಗೆ ಏನಂತ ಬರೆದುಕೊಡಲಿ?”

“ಕಿವಿ ಒಂದೇ, ತಲೆ ನೆಟ್ಟಗಿದೆ ಅಂತ ಬರೀರಿ.”

ಮೆಟ್ಟಿಲಿಳಿಯುವಾಗ ಮಗಳು ಅವನನ್ನು ತಡೆದು ನಿಲ್ಲಿಸಿದಳು. “ಯಾವಾಗ ಗೊತ್ತಾಯ್ತು ನಿನಗೆ?”

“ಬೆಳಿಗ್ಗೆ.”

“ಹೊರಗೆ ಕೂತಾಗ ಗೊತ್ತಿತ್ತು?”

“ಗೊತ್ತಿತ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಕಾರು ತರುತ್ತೇನೆಂದು ಬಿಸಿಲಿಗೆ ಕೈ ಅಡ್ಡ ಹಿಡಿದು ಬಿರಬಿರನೆ ನಡೆದಳು. ಅವನು ಅಕ್ಕನ ಜೊತೆ ಕಟ್ಟಡದ ಕಲ್ಲುಕಟ್ಟೆಯ ಮೇಲೆ ಕೂತ. ಎದುರಿನ ಔಷಧಿ ಅಂಗಡಿಯವನು ರಟ್ಟಿನ ಪೆಟ್ಟಿಗೆಗಳನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡುತ್ತಿದ್ದ. ಅಕ್ಕ ಈಗ ಗೆದ್ದವಳಂತೆ ಇರಬೇಕಿತ್ತು. ಇಷ್ಟು ದಿನ ತನ್ನನ್ನು ನಂಬದ ಒಬ್ಬೊಬ್ಬರ ಹೆಸರೆತ್ತಿ ಜಾಲಾಡಬೇಕಿತ್ತು, ಮೊದಲು ಅವನನ್ನೇ. ಅವಳು ಅಂಗಡಿಯವನ ಕಾಲನ್ನೇ ನೋಡುತ್ತಿದ್ದಳು.

“ಬೈಯಕ್ಕ,” ಎಂದ.

“ಹಾಗಾದ್ರೆ ಅವರು ಕೋಪ ಮಾಡ್ಕೊಂಡಿರ್ಲಿಲ್ಲ,” ಎಂದಳು.

“ಯಾರು?”

“ನಿನ್ನ ಭಾವ. ಹೋಗೋಕೆ ಮುಂಚಿನ ವಾರ. ನಾನು ಪೇಪರ್ ತಿದ್ತಾ ಕೂತಿದ್ದೆ. ಇವರದ್ದು ಹಾಡಿನ ಒಂದೇ ಸಾಲು, ಬಿಟ್ಟು ಹಿಡಿದು, ಬಿಟ್ಟು ಹಿಡಿದು. ತಲೆ ಚಿಟ್ಟು ಹಿಡೀತು. ಸ್ವಲ್ಪ ಸುಮ್ನಿರ್ತೀರಾ ಅಂದೆ. ಸುಮ್ನಾದ್ರು. ಆಮೇಲೆ ಹಾಡಲೇ ಇಲ್ಲ ಕಣೋ. ಮಾತಾಡ್ತಿದ್ರು, ಊಟ ಮಾಡ್ತಿದ್ರು, ನಗ್ತಾ ಇದ್ರು. ಹಾಡಲಿಲ್ಲ. ಕೇಳೋಣ ಅಂದ್ಕೊಂಡೆ, ಕೇಳಲಿಲ್ಲ, ಅಷ್ಟರಲ್ಲಿ ಹೋದ್ರು.” ಕಾಗದದ ಕಟ್ಟನ್ನು ಎದೆಗೊತ್ತಿಕೊಂಡಳು. “ಇದರಲ್ಲೂ ಹಾಡ್ದೇ ಇದ್ದಾಗ, ಸರಿ, ಕೋಪ ಇನ್ನೂ ಇಳಿದಿಲ್ಲ ಅಂದ್ಕೊಂಡೆ. ದಿನಾ ಹಾಕ್ತಿದ್ದೆ. ದಿನಾ ತಪ್ಪಾಯ್ತು ಅಂತಿದ್ದೆ. ಇವತ್ತು ಬೆಂಚಿನ ಮೇಲೆ ಕೂತಾಗ ಹಾಡಿದ್ರಲ್ಲ, ಅಬ್ಬ, ಕೊನೆಗೂ ಅಂತ...”

ಅಂಗಡಿಯವನು ಇನ್ನೊಂದು ಪೆಟ್ಟಿಗೆ ತುಳಿದ.

“ವೈರು, ಅಲ್ವಾ?”

“ವೈರು ಅಕ್ಕ.”

ಅವಳು ಆ ಪದವನ್ನು ಬಾಯೊಳಗೇ ಒಮ್ಮೆ ಹೊರಳಿಸಿದಂತೆ ಕಂಡಿತು.

“ಕೋಪ ಮಾಡ್ಕೊಳ್ಳೋಕಾದ್ರೂ ಇದ್ದಾರೆ ಅಂದ್ಕೊಂಡಿದ್ದೆ ಕಣೋ,” ಎಂದಳು.

ಮಗಳ ಕಾರು ಬಂದು ಎದುರಿಗೆ ನಿಂತಿತು. ಹಾರ್ನು ಹೊಡೆಯಿತು, ಸ್ವಲ್ಪ ತಡೆದು ಮತ್ತೆ ಹೊಡೆಯಿತು. ಇಬ್ಬರೂ ಏಳಲಿಲ್ಲ.